ಹಿಂದಿನ ಸೀಟಿನಲ್ಲಿ ಅತ್ತೆ

ನಾನು ಕಾರು ಕಲಿಸುತ್ತೇನೆ. ನನ್ನ ಕಾರಿನಲ್ಲಿ ಬ್ರೇಕ್ ಎರಡು, ನನಗೆ ಎದೆ ಒಂದು. ಹೊಸಬರಿಗೆ ಮೊದಲ ದಿನವೇ ಇದನ್ನು ಹೇಳಿಬಿಡುತ್ತೇನೆ. ನಗಬೇಕೋ ಮರುಗಬೇಕೋ ತಿಳಿಯದೆ ಅವರು ಸ್ಟಿಯರಿಂಗ್ ಹಿಡಿದು ಒದ್ದಾಡುತ್ತಾರೆ. ಆ ಒದ್ದಾಟ ಒಂದು ದಿನಕ್ಕೆ ಮುಗಿದರೆ ಎರಡನೇ ದಿನದಿಂದ ನನ್ನ ಅಂಗಿಯ ಕಡೆ ನೋಡುವುದು ಬಿಟ್ಟು ರಸ್ತೆ ನೋಡುತ್ತಾರೆ.

ಇಪ್ಪತ್ತೇಳನೇ ವಯಸ್ಸಿನಲ್ಲಿ ಎಡಗಡೆ ಗಂಟು ಸಿಕ್ಕಿತು. ಎಡ ಸ್ತನ ತೆಗೆದರು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ಆಮೇಲೆ ಕೀಮೋ. ಕೂದಲು ಬೆರಳಗಲ ಬೆಳೆದಿದ್ದಾಗ ಕೆಲಸಕ್ಕೆ ವಾಪಸ್ಸಾದೆ. ನಮ್ಮ ಡ್ರೈವಿಂಗ್ ಸ್ಕೂಲಿನ ಮಾಲೀಕರನ್ನು ನಾವೆಲ್ಲ ನ್ಯೂಟ್ರಲ್ ಎನ್ನುತ್ತೇವೆ. ಯಾವ ವಿಷಯಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ಮನುಷ್ಯ. ಅವತ್ತು ಅವರು ಮೇಜಿನ ಮೇಲಿದ್ದ ಸ್ಟೇಪ್ಲರನ್ನೇ ನೋಡುತ್ತಾ ಶುರುಮಾಡಿದರು.

"ಆಫೀಸಲ್ಲೇ ಕೂತು ಫಾರಂ ನೋಡ್ಕೊಳಮ್ಮ. ಕಾರಲ್ಲಿ ಪಕ್ಕದಲ್ಲೇ ಕೂರ್ಬೇಕು, ಕಲಿಯೋರಿಗೂ ಒಂಥರಾ, ನಿನಗೂ ಒಂಥರಾ. ಇಲ್ಲಾ ಅಂದ್ರೆ, ಈಗ ಏನೇನೋ ಸಿಗುತ್ತಂತಲ್ಲ, ಒಳಗೆ ಏನಾದ್ರೂ ಇಟ್ಕೊಂಡು..."

"ಏನಿಟ್ಕೊಳ್ಳಲಿ ಸರ್? ಸ್ಟೆಪ್ನಿನಾ?"

ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದುಕೊಂಡು ಹೊರಗೆ ಬಂದೆ. ಅವರು ತಡೆಯಲಿಲ್ಲ. ತಡೆಯಬೇಕಾದರೆ ಯಾವುದಾದರೂ ಒಂದು ಗೇರಿಗೆ ಬೀಳಬೇಕಲ್ಲ.

ಹೀಗೆ ಹೇಳಿದರೆ ಎಲ್ಲ ಸಲೀಸಾಗಿ ಆದಂತೆ ಕೇಳಿಸುತ್ತದೆ. ಆಗಲಿಲ್ಲ. ಕಲಿಸುವವರ ಸೀಟಿನಲ್ಲಿ ಬೆಲ್ಟು ಎಡ ಹೆಗಲಿನಿಂದ ಇಳಿದು ನೇರವಾಗಿ ಗಾಯದ ಗೆರೆಯ ಮೇಲೇ ಹಾಯುತ್ತದೆ. ಅದಕ್ಕೊಂದು ಪುಟ್ಟ ದಿಂಬು ಹೊಲಿದುಕೊಂಡಿದ್ದೇನೆ. ಗ್ರಂಥಿ ತೆಗೆದ ಮೇಲೆ ಎಡಗೈ ಸಂಜೆಯ ಹೊತ್ತಿಗೆ ಬಾತುಕೊಳ್ಳುತ್ತದೆ, ಹಾಗಾಗಿ ಮಣಿಕಟ್ಟಿನಿಂದ ತೋಳಿನವರೆಗೆ ಕಾಲುಚೀಲದ ಹಾಗೆ ಬಿಗಿಯಾದ ತೋಳುಚೀಲ ತೊಡುತ್ತೇನೆ. ಬಲಗಡೆಯದನ್ನೂ ಅಂಡಾಶಯಗಳನ್ನೂ ಮುಂಜಾಗ್ರತೆಗೆ ತೆಗೆಸಬೇಕೇ ಎಂದು ಇನ್ನೂ ತೀರ್ಮಾನ ಮಾಡಬೇಕು. ಕೆಲವು ಬೆಳಿಗ್ಗೆ ಭಯದಿಂದ ಹಾಸಿಗೆ ಬಿಟ್ಟು ಏಳಲು ತಡವಾಗುತ್ತದೆ. ಆದರೂ ಎಂಟೂವರೆಗೆ ಕಾರಿನಲ್ಲಿರುತ್ತೇನೆ.

ರಕ್ತ ಪರೀಕ್ಷೆಯಲ್ಲಿ ಇದು ವಂಶದಿಂದ ಬಂದದ್ದು ಎಂದು ಗೊತ್ತಾಯಿತು. ಯಾರ ಕಡೆಯಿಂದ ಎನ್ನುವ ಪ್ರಶ್ನೆಗೆ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಪರೀಕ್ಷೆಯಿಲ್ಲದೆ ಉತ್ತರ ಕೊಟ್ಟಿದ್ದರು. ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೆಂಟರೆಲ್ಲ ನೋಡಲು ಬಂದಿದ್ದರು. ಎಲ್ಲರ ಎದುರಿಗೆ ಅತ್ತೆ ಹೇಳಿದರು: "ನಮ್ಮ ಮನೆತನದಲ್ಲಿ ಇಂಥದ್ದು ಇರಲೇ ಇಲ್ಲ. ಇದು ತಾಯಿ ಕಡೆಯಿಂದ ಬಂದಿರೋದು." ಅಮ್ಮ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಕೊನೆಯ ಕುರ್ಚಿಯವರೆಗೂ ಜೋಡಿಸಿ ಮುಗಿಸಿದಳು.

ಎರಡು ತಿಂಗಳಾದ ಮೇಲೆ ಅಮ್ಮನ ರಕ್ತವನ್ನೂ ನೋಡಿದರು. ಅಮ್ಮನಲ್ಲಿ ಆ ದೋಷ ಇರಲಿಲ್ಲ. ಅಂದಮೇಲೆ ಅಪ್ಪನ ಕಡೆಯದು. ಅಪ್ಪ ನಾನು ಹತ್ತು ವರ್ಷದವಳಿದ್ದಾಗಲೇ ರಸ್ತೆ ಅಪಘಾತದಲ್ಲಿ ಹೋದವರು, ಅವರನ್ನು ಕೇಳುವಂತಿಲ್ಲ. ಅಪ್ಪನ ಅಮ್ಮ ನಲವತ್ತೊಂದಕ್ಕೇ ಹೋಗಿದ್ದರು, ಆದರೆ ಕಿಡ್ನಿ ಕೆಟ್ಟು ಎಂದು ನಮಗೆಲ್ಲ ಗೊತ್ತಿದ್ದದ್ದು. ಆಸ್ಪತ್ರೆಯಲ್ಲೂ ಹಾಗೆಯೇ ಬರೆಸಿದ್ದೆ.

ಅಮ್ಮನ ವರದಿ ತೆಗೆದುಕೊಂಡು ಅತ್ತೆಯ ಮನೆಗೆ ಹೋದೆ.

"ಗಂಡಸಿಗೆ ಎದೆ ಎಲ್ಲಿದೆ, ಅವನು ಕೊಡೋಕೆ?" ಎಂದರು ಅತ್ತೆ. "ನನ್ನ ಅಣ್ಣ ಕಲ್ಲುಗುಂಡಿನ ಹಾಗಿದ್ದ. ಕಾಗದದಲ್ಲಿ ಏನು ಬೇಕಾದ್ರೂ ಅಚ್ಚು ಹಾಕ್ತಾರೆ."

ಗಂಡಸಿಗೆ ಕಾಯಿಲೆ ಬರದಿದ್ದರೂ ಮಕ್ಕಳಿಗೆ ದಾಟಿಸಬಹುದು ಎಂದು ಬಿಡಿಸಿ ಹೇಳಿದೆ. ಅತ್ತೆ ವರದಿಯನ್ನು ಮಡಿಸಿ ನನ್ನ ಕೈಗೇ ಇಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬರೆ ಹಾಕಿಸಿಕೊಂಡವಳು ಅಮ್ಮ. ಅದಾದರೂ ಹೋಗಲಿ ಎನ್ನಬಹುದಿತ್ತು. ಬಿಡಲಾಗದ ವಿಷಯ ಬೇರೆ ಇತ್ತು: ಅತ್ತೆಯ ಮಗಳು.

ಅವಳಿಗೆ ಇಪ್ಪತ್ತನಾಲ್ಕು. ಅತ್ತೆಯಲ್ಲಿ ಈ ದೋಷ ಇರುವ ಸಂಭವ ಅರ್ಧಕ್ಕರ್ಧ. ಅತ್ತೆಯಲ್ಲಿದ್ದರೆ ಮಗಳಿಗೂ ಅರ್ಧಕ್ಕರ್ಧ. ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಮೂರು ಸಲ ಹೇಳಿದೆ. ಮೂರನೇ ಸಲ ಅತ್ತೆ, "ಅವಳ ಮದುವೆ ಮಾತು ನಡೀತಿದೆ. ಇನ್ನೊಂದ್ಸಲ ಆ ಸುದ್ದಿ ಎತ್ತಿದ್ರೆ ಈ ಮನೆ ಹೊಸ್ತಿಲು ತುಳೀಬೇಡ" ಎಂದರು. ಮಗಳೋ, ಅಮ್ಮ ಹೇಳಿದ್ದೇ ವೇದವಾಕ್ಯ ಎಂದುಕೊಂಡವಳು. "ನಮ್ಮ ಕಡೆ ಯಾರಿಗೂ ಇರಲಿಲ್ಲವಲ್ಲ ಅಕ್ಕ" ಎನ್ನುತ್ತಿದ್ದಳು. ಅವಳ ಇಪ್ಪತ್ತೇಳಕ್ಕೆ ಮೂರೇ ವರ್ಷ ಇದೆ ಎಂದು ನೆನೆದಾಗೆಲ್ಲ ನನಗೆ ಅತ್ತೆಯ ಮೇಲೆ ಬರುತ್ತಿದ್ದ ಕೋಪ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಅವಳಿಗೆ ಒಂದು ಟೈಲ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿ ಅಂಗಡಿ ಸುತ್ತಬೇಕು, ಕಾರು ಓಡಿಸಲು ಬರಬೇಕು. ಕಲಿಸುವವಳು ಮನೆಯಲ್ಲೇ ಇರುವಾಗ ಬೇರೆಯವರ ಹತ್ತಿರ ಕಳಿಸಿದರೆ ನೆಂಟರು ಆಡಿಕೊಳ್ಳುತ್ತಾರೆ. ಅತ್ತೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಪ್ರತಿ ದಿನವೂ ತಾವು ಹಿಂದಿನ ಸೀಟಿನಲ್ಲಿ ಕೂರಬೇಕು. ನನ್ನ ಬಾಯಿಗೆ ಬೀಗ ಹಾಕುವುದಕ್ಕೆ ಬಂದವರು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬರುವ ಲಾರಿ ಕಾಣುತ್ತಿರಲಿಲ್ಲ, ಅತ್ತೆಯ ಮುಖ ಕಾಣುತ್ತಿತ್ತು.

ಹುಡುಗಿಗೆ ನಾನಿಟ್ಟ ಹೆಸರು ಜಿಂಕೆ. ಕ್ಲಚ್ ಬಿಟ್ಟಳೆಂದರೆ ಕಾರು ನಾಲ್ಕು ಸಲ ನೆಗೆದು ಆಫ್ ಆಗುತ್ತಿತ್ತು. ಹತ್ತು ದಿನಕ್ಕೆ ನೆಗೆತ ನಿಂತಿತು. ಹನ್ನೊಂದನೇ ದಿನ ಅವಳನ್ನು ಮಾರುಕಟ್ಟೆಯ ಹಿಂದಿನ ರಸ್ತೆಗೆ ಕರೆದೊಯ್ದೆ. ನನ್ನ ಕಾಲ ಕೆಳಗೆ ಒಂದು ಬ್ರೇಕ್ ಇದ್ದರೂ ಅದನ್ನು ಬೇಗ ಒತ್ತಬಾರದು; ಒತ್ತಿದರೆ ಕಲಿಯುವವರು ಕಲಿಯುವುದಿಲ್ಲ. ಕೊನೆಯ ಗಳಿಗೆಯವರೆಗೆ ಕಾಯುವುದೇ ನಮ್ಮ ಕೆಲಸ. ಅಂದು ತರಕಾರಿಯ ತಳ್ಳುಗಾಡಿಯೊಂದು ಓಣಿಯಿಂದ ಏಕಾಏಕಿ ಬಂತು. ನಾನು ಕಾದೆ, ಇನ್ನು ಆಗದು ಎಂದು ಒತ್ತಿದೆ. ಅದೇ ಗಳಿಗೆಗೆ ಜಿಂಕೆಯೂ ಒತ್ತಿದಳು. ಇಬ್ಬರ ಕಾಲೂ ಸೇರಿ ಕಾರು ಗೋಡೆಗೆ ಹೊಡೆದಂತೆ ನಿಂತಿತು. ದಿಂಬು ಜಾರಿತು. ಬೆಲ್ಟು ಗಾಯದ ಮೇಲೆ ಬಿಗಿದು, ಎಡಗೈ ಡ್ಯಾಶ್‌ಬೋರ್ಡಿಗೆ ಬಡಿದು, ನನ್ನ ಬಾಯಿಂದ ಬಂದ ಕೂಗಿಗೆ ತಳ್ಳುಗಾಡಿಯವನೂ ಕೈ ಮುಗಿದ.

ಜಿಂಕೆ ಕಾರನ್ನು ಪಕ್ಕಕ್ಕೆ ಹಾಕಿದಳು. ನನಗೆ ಉಸಿರು ಹಿಡಿದುಹೋಗಿತ್ತು. ಅಷ್ಟರಲ್ಲಿ ನನ್ನ ಬಾಗಿಲು ತೆರೆದುಕೊಂಡಿತು. ಅತ್ತೆ.

"ಬಗ್ಗಬೇಡ. ಕೈ ಕೆಳಗೆ ಬಿಡಬೇಡ, ಮೇಲೆತ್ತು, ನನ್ನ ಹೆಗಲ ಮೇಲಿಡು" ಎಂದರು. ರಸ್ತೆಯಲ್ಲೇ ಮಂಡಿಯೂರಿ ಕುಳಿತು ನನ್ನ ಎಡಗೈಯನ್ನು ತಮ್ಮ ಹೆಗಲಿಗೆ ಏರಿಸಿಕೊಂಡರು. ತೋಳುಚೀಲವನ್ನು ಸುಕ್ಕಾಗದಂತೆ ಸುರುಳಿ ಸುತ್ತಿ ತೆಗೆದರು. ಮೊದಲು ಕತ್ತಿನ ಬುಡ, ಆಮೇಲೆ ಹೆಗಲು, ಆಮೇಲೆ ತೋಳು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ, ಚರ್ಮ ಮಾತ್ರ ಸರಿಯುವಷ್ಟು ಹಗುರಾಗಿ ಸವರತೊಡಗಿದರು. ಆಸ್ಪತ್ರೆಯಲ್ಲಿ ಇದನ್ನು ಕಲಿಯಲು ನನಗೆ ಮೂರು ವಾರ ಹಿಡಿದಿತ್ತು. ಅಮ್ಮನಿಗೆ ಇನ್ನೂ ಸರಿಯಾಗಿ ಬರುವುದಿಲ್ಲ.

ನೋವು ಇಳಿಯುತ್ತಾ ಬಂತು. ಅತ್ತೆಯ ಬೆರಳುಗಳನ್ನೇ ನೋಡಿದೆ.

"ಅತ್ತೆ, ಇದನ್ನ ಎಲ್ಲಿ ಕಲಿತ್ರಿ?"

ಬೆರಳುಗಳು ನಿಂತವು.

"ಎಲ್ಲೂ ಇಲ್ಲ. ಕೈ ಬಾತ್ಕೊಂಡ್ರೆ ಯಾರಾದ್ರೂ ಸವರ್ತಾರೆ."

"ಯಾರಾದ್ರೂ ಜೋರಾಗಿ ತಿಕ್ತಾರೆ ಅತ್ತೆ. ಕತ್ತಿಂದ ಶುರುಮಾಡಲ್ಲ. ಕಿಡ್ನಿ ಕೆಟ್ಟವರಿಗೆ ಒಂದೇ ಕೈ ಬಾತ್ಕೊಳಲ್ಲ. ನೀವು ಯಾರ ಕೈ ಸವರಿದ್ರಿ?"

ನನ್ನ ದನಿ ಗಡಸಾಗಿತ್ತು. ಗಡಸಾಗಿಯೇ ಇರಲಿ ಎಂದುಕೊಂಡೆ. ಎರಡು ವರ್ಷ ಮೆತ್ತಗೆ ಮಾತಾಡಿ ಏನೂ ಆಗಿರಲಿಲ್ಲ.

ಅತ್ತೆ ಮಗಳ ಕಡೆ ನೋಡಿದರು. ಜಿಂಕೆ ಸ್ಟಿಯರಿಂಗ್ ಬಿಟ್ಟು ಪೂರ್ತಿ ಇತ್ತ ತಿರುಗಿದ್ದಳು. ಹಿಂದೆ ಯಾರೋ ಹಾರ್ನ್ ಹೊಡೆದರು, ಮೂವರೂ ಅಲುಗಲಿಲ್ಲ.

"ಅಮ್ಮಂದು" ಎಂದರು ಅತ್ತೆ. "ಎಡಗಡೆ. ಗಂಟು ಒಡೆದು ಕೀವಾಗಿತ್ತು. ನನಗೆ ಹದಿಮೂರು. ಒಬ್ಬ ನರ್ಸಮ್ಮ ಒಂದೇ ಒಂದ್ಸಲ ತೋರಿಸಿಕೊಟ್ಟಿದ್ರು, ಆಮೇಲೆ ದಿನಾ ನಾನೇ. ಬಟ್ಟೆ ಒಗೀತಿದ್ದವಳೂ ನಾನೇ. ಅಣ್ಣ ಹಾಸ್ಟೆಲಲ್ಲಿದ್ದ, ಗಂಡು ಹುಡುಗನಿಗೆ ಇದೆಲ್ಲ ಹೇಳೋದುಂಟಾ? ಅವನಿಗೆ ಕಿಡ್ನಿ ಅಂದ್ವಿ. ಹೊರಗೆ ಗೊತ್ತಾದ್ರೆ ನಿನ್ನನ್ನ ಯಾರೂ ಮದುವೆ ಆಗಲ್ಲ ಅಂತ ಅಮ್ಮನೇ ನನ್ನ ಕೈಲಿ ಆಣೆ ಮಾಡಿಸಿಕೊಂಡ್ಳು. ನಿಮ್ಮ ಮಾವನಿಗೂ ಇವತ್ತಿನವರೆಗೂ ಹೇಳಿಲ್ಲ."

ಹದಿಮೂರು ವರ್ಷದ ಹುಡುಗಿ ಒಬ್ಬಳೇ ಆ ಬಟ್ಟೆ ಒಗೆದದ್ದು ನೆನೆದು ನನಗೆ ಸಂಕಟವಾಯಿತು. ಜೊತೆಗೇ, ಗೊತ್ತಿದ್ದೂ ಗೊತ್ತಿದ್ದೂ ಅಮ್ಮನ ತಲೆಗೆ ಕಟ್ಟಿದರಲ್ಲ ಎಂದು ಮೈಯೆಲ್ಲ ಉರಿಯಿತು. ಎರಡೂ ನಿಜ. ಒಂದು ಬಂತೆಂದು ಇನ್ನೊಂದು ಹೋಗಲಿಲ್ಲ.

"ಹಾಗಾದ್ರೆ ನನಗೂ ಇರಬಹುದು" ಎಂದಳು ಜಿಂಕೆ. ಅವಳು ಕಾರು ಸ್ಟಾರ್ಟ್ ಮಾಡಿದಳು. ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು. "ಅಕ್ಕ, ನಿನ್ನ ಆಸ್ಪತ್ರೆ ಯಾವ ಕಡೆ?"

"ಎರಡನೇ ಸಿಗ್ನಲ್ಲಲ್ಲಿ ಬಲಕ್ಕೆ."

"ಮದುವೆ ಮಾತು ನಡೀತಿದೆ ಕಣೇ" ಎಂದರು ರಸ್ತೆಯಲ್ಲಿ ನಿಂತಿದ್ದ ಅತ್ತೆ. "ಅವರ ಕಿವಿಗೆ ಬಿದ್ರೆ?"

"ಬೀಳಲಿ. ಬಿದ್ದ ಮೇಲೂ ಬರೋನು ಬರಲಿ. ನೀನು ಹತ್ತಮ್ಮ, ಬೆಲ್ಟ್ ಹಾಕ್ಕೋ."

ಅತ್ತೆ ಹತ್ತಿದರು. ಅಷ್ಟು ದೂರವೂ ಕಾರು ಒಮ್ಮೆಯೂ ನೆಗೆಯಲಿಲ್ಲ. ನಾನು ನನ್ನ ಬ್ರೇಕಿನಿಂದ ಕಾಲು ತೆಗೆದು ಕುಳಿತಿದ್ದೆ, ನನ್ನ ಕೆಲಸದಲ್ಲಿ ಮಾಡಬಾರದ ತಪ್ಪು ಅದು.

ವಂಶದ ಕಾಯಿಲೆಗಳ ಬಗ್ಗೆ ತಿಳಿಸಿ ಹೇಳುವ ವೈದ್ಯೆಗೆ ದಾರಿಯಿಂದಲೇ ಫೋನ್ ಮಾಡಿದ್ದೆ. ಊಟ ಬಿಟ್ಟು ನಮಗಾಗಿ ಕಾದಿದ್ದರು. ನನ್ನ ಹಳೆಯ ಫೈಲು ತೆಗೆದು, ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಹಾಕಿದ ನಮ್ಮ ವಂಶದ ಚಿತ್ರವನ್ನು ಮೇಜಿನ ಮೇಲೆ ಹರಡಿದರು. ಅಜ್ಜಿಯ ಸೊನ್ನೆಯ ಕೆಳಗೆ ಕಿಡ್ನಿ ಎಂದಿತ್ತು.

"ಅದನ್ನ ಹೊಡೆದುಹಾಕಿ" ಎಂದರು ಅತ್ತೆ. "ಸ್ತನ ಕ್ಯಾನ್ಸರ್. ನಲವತ್ತೊಂದು ವರ್ಷ." ಆ ಮಾತನ್ನು ಅತ್ತೆಯ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ವೈದ್ಯೆ ತಿದ್ದಿದರು. "ಮೊದಲು ತಾಯಿ ರಕ್ತ ನೋಡೋಣ. ನಿಮ್ಮಲ್ಲಿ ಆ ದೋಷ ಇಲ್ಲದಿದ್ರೆ ಅದು ನಿಮ್ಮಿಂದ ಮಗಳಿಗೆ ಹೋಗಿರೋಕೆ ಸಾಧ್ಯ ಇಲ್ಲ. ಇದ್ರೆ ಇಬ್ಬರಿಗೂ ಮುಂದಿನ ದಾರಿ ಇದೆ, ಈಗ ಹೆದರೋದು ಬೇಡ."

"ಹೆದರಿಕೆ ನಲವತ್ತು ವರ್ಷದಿಂದ ಇದೆ. ನಂದು ತಗೊಳ್ಳಿ" ಎಂದು ಅತ್ತೆ ತೋಳು ಮಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಮ್ಮನಿಗೆ ಫೋನ್ ಹಚ್ಚು" ಎಂದರು.

ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

"ಅತ್ತಿಗೆ, ನಾನು" ಎಂದರು ಅತ್ತೆ. "ಆಸ್ಪತ್ರೆಲಿದ್ದೀನಿ. ಇದು ನಿಮ್ಮ ಮನೆಯದಲ್ಲ. ನಮ್ಮ ಮನೆಯದು. ನಮ್ಮಮ್ಮಂದು. ನನಗೆ ಮೊದಲಿಂದಲೂ ಗೊತ್ತಿತ್ತು. ತಪ್ಪಾಯ್ತು."

ಅಮ್ಮ ಅಳುತ್ತಾಳೆ ಎಂದುಕೊಂಡೆ. ನಾನು ನನ್ನ ಅಮ್ಮನನ್ನು ಅಷ್ಟು ದಿನ ಎಷ್ಟು ಕಡಿಮೆ ಅಳೆದಿದ್ದೆ!

"ನನಗೊಬ್ಬಳಿಗೆ ಹೇಳಿದ್ರೆ ಸಾಲದು" ಎಂದಳು ಅಮ್ಮ. ದನಿ ಸ್ವಲ್ಪವೂ ನಡುಗುತ್ತಿರಲಿಲ್ಲ. "ಅವತ್ತು ಆ ಕೋಣೆಲಿ ಹದಿನೇಳು ಜನ ಇದ್ರು. ನಾನು ಎಣಿಸಿದ್ದೆ. ಹದಿನೇಳು ಜನಕ್ಕೂ ಹೇಳಿ. ಅವರ ಮನೇಲೂ ಹೆಣ್ಣುಮಕ್ಕಳಿದ್ದಾರೆ."

ನರ್ಸ್ ಬಂದು ಅತ್ತೆಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಜಿಂಕೆ ಅಮ್ಮನ ಇನ್ನೊಂದು ಕೈ ಹಿಡಿದುಕೊಂಡಳು. ಅತ್ತೆ ಸೂಜಿಯ ಕಡೆ ನೋಡಲಿಲ್ಲ, ಫೋನನ್ನೇ ನೋಡುತ್ತಿದ್ದರು.

"ಯಾರ್ಯಾರು ಇದ್ರು, ಹೇಳಿ ಅತ್ತಿಗೆ. ಬರ್ಕೊಳ್ತಾಳೆ ನನ್ನ ಮಗಳು."

ಅಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರಿಂದ ಶುರುಮಾಡಿದಳು.