ಬೀಗರೂಟದ ಎರಡನೇ ಸಾಲು

ಮಗಳ ಬೀಗರೂಟಕ್ಕೆ ಮುನಿಗಂಗಮ್ಮ ಎರಡು ಅಡುಗೆ ಮಾಡಿಸಿದ್ದಳು. ಒಂದು ಎಂದಿನ ಕೊಬ್ಬಿನ ಮಟನ್ ಸಾರು. ಇನ್ನೊಂದು ಎಣ್ಣೆ, ಉಪ್ಪು ಕಡಿಮೆ ಹಾಕಿದ ನಾಟಿಕೋಳಿ ಸಾರು. ತಣಿಸಂದ್ರದ ರಸ್ತೆ ಪಕ್ಕದ ಸೈಟು ಮಾರಿ, ಹೃದಯದ ಬೈಪಾಸ್ ಮಾಡಿಸಿ, ಗಂಡನನ್ನು ಉಳಿಸಿಕೊಂಡವಳು ಅವಳು.

"ಬೀಗರಿಗೆ ಕಾಯಿಲೆ ಊಟ ಬಡಿಸ್ತೀಯಾ? ಮರ್ವಾದೆ ಓಗ್ತದೆ ಕಣಕ್ಕ" ಎಂದು ತಮ್ಮ ಅನಂತರಾಜು ಗೊಣಗಿದ.

"ಓದ್ರೆ ಓಗ್ಲಿ, ಜೀವ ಇರ್ಲಿ!"

ಅವಳು ಗಂಡನನ್ನು ಕೋಳಿ ಸಾರು ಬಡಿಸುವ ಎರಡನೇ ಸಾಲಿನ ಮೊದಲ ಎಲೆಗೆ ಕೂರಿಸಿ, ಸೆರಗು ಸಿಕ್ಕಿಸಿಕೊಂಡು ಕೂಗಿದಳು: "ಸ್ಟೆಂಟ್ ಆಕ್ಸಿರೋರು, ಆರ್ಟ್ ಮಾತ್ರೆ ನುಂಗೋರು ಈ ಕಡೆ ಬನ್ನಿ!"

ಯಾರೂ ಅಲುಗಾಡಲಿಲ್ಲ. ಆಮೇಲೆ ಗಂಡಿನ ತಂದೆಯೇ ಎದ್ದು ಬಂದರು. "ಕೆರೆ ಪಕ್ಕದ ತ್ವಾಟ ನನ್ನ ಆಪ್ರೇಶನ್‌ಗೇ ಓಯ್ತು ಕಣಮ್ಮ" ಎಂದು ನಗುತ್ತಾ ಕೂತರು. ಅವರ ಹಿಂದೆ ಅವರಣ್ಣ, ಪಕ್ಕದ ಮನೆಯವರು, ಮೀಸೆ ಇನ್ನೂ ಕಪ್ಪಗಿದ್ದ ನೆಂಟರು. ಎಲೆ ಸಾಲದೇ ಹೋಯಿತು. ಕೊನೆಗೆ ಅನಂತರಾಜುವೂ ಯಾರ ಮುಖವನ್ನೂ ನೋಡದೆ ಬಂದು ಕೂತ.

ಮುನಿಗಂಗಮ್ಮ ಅವನ ಎಲೆಗೆ ಕೋಳಿಯ ಕಾಲು ಹಾಕಿಸಿದಳು. ಬಿಕೋ ಎನ್ನುತ್ತಿದ್ದ ಮೊದಲ ಸಾಲನ್ನು ತೋರಿಸಿ ಅಡುಗೆಯವನಿಗೆ ಹೇಳಿದಳು: "ಇನ್ಮೇಲೆ ಇದೇ ಬೀಗರೂಟ ಕಣಪ್ಪ. ಕೊಬ್ಬು ಬೇಕು ಅನ್ನೋರಿಗೆ ಆ ಮೂಲೇಲಿ ಎಲೆ ಆಕು."