ಬಜೆಟ್ ಕೇಳಿ ಬರೆದ ಅಂದಾಜು

ಇಂದಿರಾನಗರದ ಆಫೀಸಿನಲ್ಲಿ ಆರ್ಕಿಟೆಕ್ಟ್ ಶ್ರೀನಾಥ್ ಮೊದಲು ಕೇಳಿದ್ದೇ ಬಜೆಟ್ ಎಷ್ಟೆಂದು. ನನ್ನ ಗಂಡ ಬಸವಪ್ರಭು ಸೀರೆ ಅಂಗಡಿಯಲ್ಲೂ ಕೈಲಿರುವುದನ್ನು ಮೊದಲೇ ಹೇಳಿಬಿಡುವ ಮನುಷ್ಯ. ಸಾಲವೂ ಸೇರಿ ಅರವತ್ತು ಲಕ್ಷ ಎಂದರು. ವಾರದೊಳಗೆ ಅಂದಾಜು ಬಂತು: ಐವತ್ತೊಂಬತ್ತೂವರೆ. ಎಷ್ಟು ಚೆನ್ನಾಗಿ ಹೊಂದಿತು ಎಂದು ಅಕ್ಕಪಕ್ಕದವರಿಗೆಲ್ಲ ಪೇಡ ಹಂಚಿದೆವು.

ದೊಡ್ಡನೆಕ್ಕುಂದಿಯ ನಮ್ಮ ಸೈಟು ಹಳೆಯ ಗುಂಡಿ ಮುಚ್ಚಿ ಮಾಡಿದ್ದು. ಪಾಯಕ್ಕೆ ಅಗೆದಷ್ಟೂ ಸಡಿಲ ಮಣ್ಣೇ. ಕೆಳಮನೆಯ ಗೋಡೆ ಎದ್ದು ನಿಲ್ಲುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಮುಗಿದಿತ್ತು. ಶ್ರೀನಾಥ್ ಸೈಟಿಗೆ ಬಂದು ಹೊಸ ಲೆಕ್ಕ ಹೇಳಿದರು: ತೊಂಬತ್ತು.

"ಅಷ್ಟು ಎಲ್ಲಿಂದ ತರೋದು ಸಾರ್?" ಎಂದರು ಇವರು.

"ಕೆಳಗಿನ ರೂಮು, ಆ ದೊಡ್ಡ ಬಾತ್‌ರೂಮು ಬಿಟ್ಬಿಡೋಣ. ಅಲ್ಲಿ ಕಾರ್ ನಿಲ್ಲಿಸ್ಬಹುದು."

ಅದು ಶಿವಾನಿಯ ಕೋಣೆ. ನನ್ನ ಮಗಳು ಓಡಾಡುವುದು ಗಾಲಿಕುರ್ಚಿಯಲ್ಲಿ. ಬಾಡಿಗೆ ಮನೆಯ ಬಚ್ಚಲೊಳಗೆ ಕುರ್ಚಿ ತೂರುವುದಿಲ್ಲ. ನಾನೇ ಎತ್ತಿಕೊಂಡು ಹೋಗುತ್ತೇನೆ. ಈಚೆಗೆ ಅವಳಿಗೆ ನಾಚಿಕೆ, ಕಣ್ಣು ಮುಚ್ಚಿಕೊಂಡಿರುತ್ತಾಳೆ. ನಾವು ಮನೆ ಕಟ್ಟಲು ಹೊರಟಿದ್ದೇ ಅದಕ್ಕೆ.

"ಮಣ್ಣು ನೋಡದೆ ಅಂದಾಜು ಹೇಗೆ ಬರೆದ್ರಿ?" ಎಂದೆ.

"ಅಂದಾಜು ಅಂದ್ರೆ ಅಂದಾಜು ಮೇಡಂ. ನೀವು ಹೇಳಿದ ಬಜೆಟ್‌ಗೆ ಕೂರಿಸಿಕೊಟ್ಟೆ."

"ನಲವತ್ತು ಅಂದಿದ್ರೆ?"

"ನಲವತ್ತಕ್ಕೆ ಕೂರಿಸ್ತಿದ್ದೆ. ಎಲ್ಲರೂ ಹಾಗೇ ಮಾಡೋದು. ನಿಜ ಹೇಳಿದ್ರೆ ಯಾರೂ ಮನೆ ಶುರು ಮಾಡಲ್ಲ."

"ನಮ್ಮನೆ ಗುಂಡಿಗೆ ಬಿದ್ದ ಮೇಲೆ ನಿಜ ಹೇಳ್ತಿದೀರಲ್ಲ, ದೊಡ್ಡ ಉಪಕಾರ."

"ರುದ್ರಾಣಿ, ಸುಮ್ನಿರು. ಸಾರ್ ಬೇಜಾರು ಮಾಡ್ಕೋತಾರೆ," ಎಂದರು ಇವರು.

"ಮಾಡ್ಕೊಳ್ಲಿ. ಮಹಡಿ ಬೇಡ. ಮುಂದುಗಡೆ ನೀವು ಪ್ಲಾನಲ್ಲಿ ಬರೆದಿರೋ ಆ ಗಾಜಿನ ಗೋಡೆನೂ ಬೇಡ. ಕೆಳಮನೆ ಒಂದೇ ಸಾಕು."

ಶ್ರೀನಾಥ್ ನಕ್ಕರು. "ಗೋಡೌನ್ ಥರ ಕಾಣತ್ತೆ. ಅದಕ್ಕೆ ನನ್ನ ಹೆಸರು ಹೇಳ್ಬೇಡಿ."

"ಹೇಳ್ತೀನಿ. ಯಾರು ಮನೆ ಕಟ್ಟಿಸ್ತೀನಿ ಅಂದ್ರೂ ಮೊದಲು ನಿಮ್ಮ ಹೆಸರೇ ಹೇಳ್ತೀನಿ. ಇನ್ಮೇಲೆ ನೀವು ಬರೋದು ಬೇಡ."

ಅವರು ಕಾರಿನ ಬಾಗಿಲು ರಪ್ಪನೆ ಹಾಕಿಕೊಂಡು ಹೋದರು. ಇವರು ಮರಳ ರಾಶಿಯ ಮೇಲೆ ಕೂತರು. ಮೇಸ್ತ್ರಿ ಅಜ್ಮತ್ ನನ್ನ ಮುಖ ನೋಡುತ್ತ ನಿಂತಿದ್ದ.

"ಇಷ್ಟಕ್ಕೇ ತಾರಸಿ ಹಾಕಿ," ಎಂದೆ. "ಬಚ್ಚಲು ಮಾತ್ರ ಒಂದಿಂಚೂ ಚಿಕ್ಕದಾಗ್ಬಾರ್ದು."