ಬೆಟ್ಟದ ಮೇಲೆ ‘ನೀವು’ ಎಂದವನು

ಆ ಮುದುಕ ಬಂದ ದಿನವೇ ನನ್ನನ್ನು ‘ನೀವು’ ಅಂದ. ಅಲ್ಲಿಗೆ ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಆಸ್ಟ್ರಿಯಾದ ನಮ್ಮ ಟಿರೋಲಿನಲ್ಲಿ ಕಣಿವೆಯ ಮಾತೇ ಬೇರೆ, ಬೆಟ್ಟದ ಮಾತೇ ಬೇರೆ. ಕೆಳಗೆ ಪಾದ್ರಿ, ಡಾಕ್ಟರು, ಬ್ಯಾಂಕಿನವರು ಎಲ್ಲರೂ ‘ನೀವು’. ಕೇಬಲ್ ಕಾರು ಹತ್ತಿ ಹಿಮನದಿಯ ಹತ್ತಿರ ಬಂದಿರೋ, ಮಂತ್ರಿಯೂ ‘ನೀನು’, ಪಾತ್ರೆ ತೊಳೆಯುವವಳೂ ‘ನೀನು’. ವಿಯೆನ್ನಾದ ಬಿಂಕದ ಹೆಂಗಸರು ಕೂಡ ಒಂದು ಬಟ್ಟಲು ಸಾರು ಕುಡಿಯುವಷ್ಟರಲ್ಲಿ ಇದನ್ನು ಕಲಿಯುತ್ತಾರೆ. ಇವನು ಮಾತ್ರ ವಾರವಾದರೂ “ನಿಮ್ಮ ಸಾರು ಬಹಳ ರುಚಿಯಾಗಿದೆ, ಶ್ರೀಮತಿಯವರೇ” ಅನ್ನುತ್ತಿದ್ದ! ಸ್ಕೀ ಮುಟ್ಟುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು ತೊಲೆ ನೋಡುವುದು, ಗೋಡೆ ತಟ್ಟುವುದು, ಬಾಗಿಲ ಮೂಲೆಯ ಫೋಟೊ ತೆಗೆಯುವುದು, ಇದೇ ಅವನ ಕೆಲಸ.

“ಬೆಳ್ಳಗಿರೋದೆಲ್ಲ ಹಾಲಲ್ಲ ಅತ್ತಿಗೆ,” ಎಂದ ಮೈದುನ ವಿನ್ಸೆಂಟ್ಸ್. ಅವನು ಲಿಫ್ಟ್ ಕಂಪನಿಯ ಕೇಬಲ್ ಕಾರಿಗೆ ಜನ ಹತ್ತಿಸುವವನು, ಸುದ್ದಿಯೆಲ್ಲ ಅವನ ಕಿವಿಗೇ ಮೊದಲು. “ಕಂಪನಿಯವರು ಗುಟ್ಟಾಗಿ ಯಾರನ್ನೋ ಕಳಿಸಿದಾರಂತೆ. ಇಲ್ಲಿ ‘ನೀವು’ ಅನ್ನೋನು ಆಫೀಸಿನೋನಲ್ದೆ ಇನ್ಯಾರು? ಹುಷಾರು.”

ಜಾಗ ಲಿಫ್ಟ್ ಕಂಪನಿಯದು, ಅದರ ಮೇಲಿನ ಮರದ ಹೋಟೆಲು ನನ್ನದು. ಗಂಡ ತೀರಿಕೊಂಡ ಮೇಲೆ ನನಗಿರುವುದು ಅದೊಂದೇ. ಆದರೆ ಉಗ್ರಾಣದ ನೆಲ ಸೀಳಿತ್ತು. ಬಂಡೆಯೊಳಗಿನ ಮಂಜುಗಡ್ಡೆ ಕರಗಿ ಬೇಸಿಗೆಯಿಂದ ಬೇಸಿಗೆಗೆ ಬಿರುಕು ಅಗಲವಾಗುತ್ತಿತ್ತು. ಕಂಪನಿಯವರ ಕಣ್ಣಿಗೆ ಬಿದ್ದರೆ ಹೋಟೆಲು ಕೆಡವುತ್ತಾರೆ. ಅದಕ್ಕೇ ಹಿಟ್ಟಿನ ಮೂಟೆ ಹೇರಿ ಮುಚ್ಚಿಟ್ಟಿದ್ದೆ.

ಒಂದು ದಿನ ಅವನು ಉಗ್ರಾಣದ ಬಾಗಿಲಲ್ಲೇ ನಿಂತಿದ್ದ.

“ಏನಯ್ಯಾ ಅಲ್ಲಿ ನಿನಗೆ ಕೆಲಸ?”

“ಕ್ಷಮಿಸಿ, ನಿಮ್ಮ ಶೌಚಾಲಯ…”

“ಹೊರಗೆ, ಎಡಕ್ಕೆ!” ನನ್ನ ಕೂಗಿಗೆ ಇಡೀ ಹೋಟೆಲು ತಿರುಗಿ ನೋಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಹೋಗಿ ಬಾಗಿಲಿಗೆ ಅಡ್ಡ ನಿಂತೆ.

ಆ ಹೊತ್ತಿಗೆ ನನಗೆ ಧೈರ್ಯವಾಗಿದ್ದವಳು ರೋಸ್ವಿತಾ ಒಬ್ಬಳೇ. ರಜೆಗೆ ಬಂದಿದ್ದೇನೆ ಅಂದಿದ್ದಳು. ಕೆಂಪು ಕೆನ್ನೆ, ಒರಟು ನಗು. ಸ್ಕೀ ಮೇಲೆ ನಿಂತರೆ ಇಲ್ಲೇ ಹುಟ್ಟಿದವಳ ಹಾಗೆ ಇಳಿಯುತ್ತಿದ್ದಳು. ಮೊದಲ ದಿನವೇ “ಏ ಬುರ್ಗಿ, ಉಂಡೆ ಸಾರು ಉಳಿದಿದ್ಯೇನೇ, ಇಲ್ಲ ನೀನೇ ನುಂಗಿದ್ಯಾ?” ಅಂತ ನನ್ನ ಹೆಸರು ಹಿಡಿದು ಕೂಗಿಕೊಂಡೇ ಒಳಗೆ ಬಂದಿದ್ದಳು. ಅಂಥವಳನ್ನು ಅನುಮಾನಿಸುವುದುಂಟೇ? ಅವಳ ಕೈ ಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋದೆ. ಮೂಟೆ ಸರಿಸಿದೆ.

“ನೋಡು, ಆ ಮುದುಕ ಮೂಸ್ತಾ ಇರೋದು ಇದನ್ನೇ. ಎಲ್ಲಿ ಬಚ್ಚಿಡ್ಲೇ ಇದನ್ನ?”

ರೋಸ್ವಿತಾ ಮಂಡಿಯೂರಿ ಬಿರುಕಿನೊಳಗೆ ಕೈ ಬಿಟ್ಟಳು. ಮೊಣಕೈವರೆಗೂ ಹೋಯಿತು. “ಕೆಳಗಿಂದ ಗಾಳಿ ಬರ್ತಿದೆ ಬುರ್ಗಿ.”

“ಬೆಟ್ಟ ಅಂದ್ಮೇಲೆ ಗಾಳಿ ಬರ್ದೇ ಇರುತ್ತಾ?”

ಅವಳು ನಗಲಿಲ್ಲ. ಸಾರನ್ನೂ ಅರ್ಧಕ್ಕೇ ಬಿಟ್ಟು ಹೋದಳು. ನನ್ನ ಕಷ್ಟ ಕಂಡು ಮನಸ್ಸು ಕರಗಿರಬೇಕು ಅಂದುಕೊಂಡೆ.

ಆ ಸಂಜೆ ನನಗೆ ತಡೆಯಲಾಗಲಿಲ್ಲ. ಮುದುಕನ ಮೇಜಿಗೆ ಕೈಯೂರಿ ನಿಂತೆ. “ನಿಜ ಹೇಳು. ನಿನ್ನನ್ನ ಇಲ್ಲಿಗೆ ಕಳಿಸಿದ್ದು ಯಾರು?”

ಅವನು ಬೆಚ್ಚಿದ. “ನನ್ನ ಹೆಂಡತಿ. ತಾನು ಸ್ಕೀ ಆಡಿ ಬರುವವರೆಗೆ ಇಲ್ಲಿ ಕುಳಿತಿರು ಎಂದಿದ್ದಾಳೆ.”

ಅವನ ಹೆಸರು ವೌಟರ್, ಹಾಲೆಂಡಿನ ಬಡಗಿ. ಮೊಮ್ಮಗಳಿಗೆ ನನ್ನ ಹೋಟೆಲಿನ ಹಾಗೆಯೇ ಮರದ ಆಟಿಕೆ ಮನೆ ಮಾಡಬೇಕಂತೆ. ಈ ‘ನೀವು’ ಯಾಕಯ್ಯಾ ಅಂದರೆ ನಾಚಿಕೊಂಡ. “ನಿಮ್ಮ ಭಾಷೆಯ ಪುಸ್ತಕದಲ್ಲಿ ‘ನೀನು’ ಎಂಬ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟೆ.”

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಹಾಸಿಗೆಯಲ್ಲಿ ಮಲಗಿದವಳು ದಡಕ್ಕನೆ ಎದ್ದು ಕೂತೆ. ಇವನಲ್ಲದಿದ್ದರೆ ಕಂಪನಿಯವರು ಕಳಿಸಿದ್ದು ಯಾರನ್ನು?

ಮರುದಿನ ರೋಸ್ವಿತಾ ಬಂದಳು. ಸ್ಕೀ ಇರಲಿಲ್ಲ. ಮೈಮೇಲೆ ಕಂಪನಿಯ ನೀಲಿ ಜಾಕೆಟ್ಟಿತ್ತು. ಕೂರು ಅಂದರೂ ಕೂರಲಿಲ್ಲ.

“ಈ ತಿಂಗಳ ಕೊನೆಗೆ ನೀವು ಇದನ್ನ ಖಾಲಿ ಮಾಡಬೇಕಾಗುತ್ತೆ. ಬೇಸಿಗೆಯಲ್ಲಿ ಕೆಡವ್ತಾರೆ.”

ಹೋಟೆಲು ಹೋಯಿತೆನ್ನುವುದು ಆಮೇಲೆ ತಲೆಗೆ ಹತ್ತಿತು. ಮೊದಲು ಚುಚ್ಚಿದ್ದು ಆ ‘ನೀವು’.

“ಬೆಟ್ಟದ ಮೇಲೆ ನಿಂತ್ಕೊಂಡು ನಂಗೆ ‘ನೀವು’ ಅಂತೀಯಾ? ನನ್ನ ಸಾರು ಕುಡಿದು, ನನ್ನ ಉಗ್ರಾಣ ನೋಡಿ?”

“ನಾನು ಕೇಳ್ಲಿಲ್ಲ. ನೀವೇ ತೋರಿಸಿದ್ದು.” ಅವಳು ಉಗ್ರಾಣದ ಕಡೆ ಕೈ ತೋರಿಸಿದಳು. “ಕೆಳಗೆ ಬಂಡೆ ಇಲ್ಲ ಬುರ್ಗಿ, ಬರೀ ಪೊಳ್ಳು. ದಿನಾ ಎಷ್ಟು ಮಕ್ಕಳು ಕೂತು ಊಟ ಮಾಡ್ತಾರೆ ಇಲ್ಲಿ! ‘ನೀನು’ ಅಂತ ಕರೆದು ಈ ಮಾತು ಹೇಳೋಕೆ ನನ್ನ ಕೈಲಾಗಲ್ಲ.”

“ಆಗುತ್ತೆ. ‘ನೀನು’ ಅಂತಲೇ ಹೇಳು. ಇಲ್ದಿದ್ರೆ ನಾನು ಇಲ್ಲಿಂದ ಕದಲಲ್ಲ.”

ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಬುರ್ಗಿ, ನೀನು ಇಳೀಬೇಕು.”

“ಇಳೀತೀನಿ ಕಣೆ,” ಎಂದೆ.